ಕುಷ್ಠರೋಗ: ಗುಳಿಗೆ ಮುಗಿದ ಮೇಲೂ ನರಗಳನ್ನು ಪರೀಕ್ಷಿಸಿ

ಮಾನ್ಯ ಆರೋಗ್ಯ ಸಚಿವರೇ,

ನಿಗದಿತ ಗುಳಿಗೆಗಳನ್ನು ನುಂಗಿ ಮುಗಿಸಿದವರ ಹೆಸರನ್ನು ಕುಷ್ಠರೋಗಿಗಳ ಪಟ್ಟಿಯಿಂದ ತೆಗೆಯಲಾಗುತ್ತದೆ. ರೋಗಾಣುವಿನ ಮಟ್ಟಿಗೆ ಅದು ಸರಿಯಾದ ಲೆಕ್ಕ. ಆದರೆ ಅವರ ಕೈಕಾಲುಗಳ ಆರೈಕೆ ಮಾಡುವ ಫಿಸಿಯೋಥೆರಪಿಸ್ಟ್ ಆಗಿ ನಾನು ಆ ಲೆಕ್ಕವನ್ನು ಒಪ್ಪಲಾರೆ.

ಗುಳಿಗೆಗಳ ಶಕ್ತಿಯ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಈ ಕಾಯಿಲೆಗೆ ಕಾರಣ ಶಾಪವಲ್ಲ, ಪಾಪವಲ್ಲ, ಒಂದು ಬ್ಯಾಕ್ಟೀರಿಯಾ ಎಂಬುದನ್ನು ನಾರ್ವೆಯ ವೈದ್ಯ ಹ್ಯಾನ್ಸೆನ್ 1873ರಲ್ಲೇ ಕಂಡುಕೊಂಡರು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಹು ಔಷಧ ಚಿಕಿತ್ಸೆಯನ್ನು ಶಿಫಾರಸು ಮಾಡಿತು. ರಿಫಾಂಪಿಸಿನ್, ಡ್ಯಾಪ್ಸೋನ್, ಕ್ಲೊಫಾಜಿಮಿನ್ ಗುಳಿಗೆಗಳನ್ನು ರೋಗದ ಪ್ರಮಾಣಕ್ಕೆ ತಕ್ಕಂತೆ ಆರು ಅಥವಾ ಹನ್ನೆರಡು ತಿಂಗಳು ತೆಗೆದುಕೊಂಡರೆ ಸೋಂಕು ಪೂರ್ತಿ ಗುಣವಾಗುತ್ತದೆ. ಚಿಕಿತ್ಸೆ ಶುರುವಾದ ಸ್ವಲ್ಪ ಕಾಲದಲ್ಲೇ ರೋಗಿಯಿಂದ ಇನ್ನೊಬ್ಬರಿಗೆ ಅದು ಹರಡುವುದು ನಿಲ್ಲುತ್ತದೆ. ಪಕ್ಕದಲ್ಲಿ ಕುಳಿತರೆ, ಕೈ ಕುಲುಕಿದರೆ, ಜೊತೆಗೆ ಉಂಡರೆ ಅಂಟುವ ರೋಗ ಇದಲ್ಲವೇ ಅಲ್ಲ.

ತೊಂದರೆ ಇರುವುದು ನರಗಳಲ್ಲಿ. ಸತ್ತ ರೋಗಾಣುಗಳ ಅವಶೇಷಗಳು ದೇಹದಲ್ಲಿ ಬಹುಕಾಲ ಉಳಿಯುತ್ತವೆ. ಅವುಗಳ ವಿರುದ್ಧ ನಮ್ಮದೇ ರೋಗನಿರೋಧಕ ಶಕ್ತಿ ಕೆರಳಿದಾಗ ನರಗಳು ಊದಿಕೊಳ್ಳುತ್ತವೆ. ಇದನ್ನು ರಿಯಾಕ್ಷನ್ ಎನ್ನುತ್ತೇವೆ. ಚಿಕಿತ್ಸೆಯ ನಡುವೆಯೂ ಬರಬಹುದು, ಗುಳಿಗೆ ಮುಗಿದು ವರ್ಷಗಳಾದ ಮೇಲೂ ಬರಬಹುದು. ಆಗ ಚರ್ಮದ ಮೇಲಿನ ರೋಗದ ಮಚ್ಚೆಗಳು ಕೆಂಪೇರಿ ಉಬ್ಬಿದಾಗ ಎಷ್ಟೋ ಜನ ಔಷಧಿಯೇ ಮೈಗೆ ಒಗ್ಗಲಿಲ್ಲವೆಂದು ಭಾವಿಸಿ ಅದನ್ನು ಬಿಟ್ಟುಬಿಡುತ್ತಾರೆ. ಬಿಡಬಾರದು. ಗುಳಿಗೆಗಳನ್ನು ಮುಂದುವರಿಸುತ್ತಲೇ ವೈದ್ಯರ ನಿಗಾದಲ್ಲಿ ಊತ ಇಳಿಸುವ ಸ್ಟೀರಾಯ್ಡ್ ಔಷಧಿ ಪ್ರೆಡ್ನಿಸೊಲೋನ್ ಕೊಡಬೇಕು. ನರಕ್ಕೆ ಪೆಟ್ಟು ಬಿದ್ದ ಆರು ತಿಂಗಳೊಳಗೆ ಇದು ಸಿಕ್ಕರೆ ಕಳೆದುಹೋದ ಸ್ಪರ್ಶ ಮತ್ತು ಬಲ ಮರಳುವ ಸಾಧ್ಯತೆ ಚೆನ್ನಾಗಿದೆ. ತಡವಾದಷ್ಟೂ ಆ ಆಸೆ ಕ್ಷೀಣಿಸುತ್ತದೆ. ಕೆಲವೊಮ್ಮೆ ನೋವೇ ಇಲ್ಲದೆ ನರ ಸೊರಗುವುದರಿಂದ, ರೋಗಿ ತಾನಾಗಿ ಬಂದು ಹೇಳಲಿ ಎಂದು ಕಾಯುವಂತಿಲ್ಲ.

ಪತ್ತೆ ಮಾಡಲು ಯಂತ್ರ ಬೇಕಿಲ್ಲ, ಸಚಿವರೇ. ಕಣ್ಣು ಮುಚ್ಚಿಸಿ, ಬಾಲ್ ಪೆನ್ನಿನ ತುದಿಯನ್ನು ಅಂಗೈಯ ಒಂದೊಂದು ಜಾಗಕ್ಕೆ ಹಗುರವಾಗಿ ತಾಕಿಸಿ, ಎಲ್ಲಿ ತಾಕಿತೆಂದು ಬೆರಳಿಟ್ಟು ತೋರಿಸಲು ಹೇಳುತ್ತೇವೆ. ಕಿರುಬೆರಳನ್ನು ಹೊರಕ್ಕೆ ಚಾಚಿ ಹಿಡಿಯಲು ಹೇಳಿ ಒಳಕ್ಕೆ ತಳ್ಳಿ ನೋಡುತ್ತೇವೆ. ಮೊಣಕೈಯ ಹಿಂದಿನ ತಗ್ಗಿನಲ್ಲಿ ನರ ದಪ್ಪಗಾಗಿದೆಯೇ, ಮುಟ್ಟಿದರೆ ನೋಯುತ್ತದೆಯೇ ಎಂದು ಬೆರಳಿನಿಂದ ಸವರಿ ತಿಳಿಯುತ್ತೇವೆ. ಕಳೆದ ಸಲ ಗೊತ್ತಾಗಿದ್ದ ಸ್ಪರ್ಶ ಈ ಸಲ ಗೊತ್ತಾಗದಿದ್ದರೆ ಅದು ತುರ್ತು ಸಂಗತಿ. ತಿಂಗಳಿಗೊಮ್ಮೆಯ ಗುಳಿಗೆಯನ್ನು ಹೇಗೂ ಆರೋಗ್ಯ ಕಾರ್ಯಕರ್ತರ ಎದುರಿನಲ್ಲೇ ನುಂಗಿಸಬೇಕು. ಅಂದೇ ಈ ಪರೀಕ್ಷೆಯನ್ನೂ ಮಾಡಿ ಕಾರ್ಡಿನಲ್ಲಿ ಬರೆಯುವುದನ್ನು ಕಡ್ಡಾಯಗೊಳಿಸಿ. ಗುಳಿಗೆ ಮುಗಿದ ಮೇಲೂ ಕೆಲವು ವರ್ಷ ಅವರನ್ನು ಕರೆಸಿ ಪರೀಕ್ಷಿಸುವ ವ್ಯವಸ್ಥೆ ಇರಲಿ. ಮನೆಯವರಲ್ಲಿ ಯಾರಿಗಾದರೂ ರೋಗದ ಲಕ್ಷಣವಿದೆಯೇ ಎಂದು ಅವರ ಚರ್ಮವನ್ನೂ ಆಗಲೇ ನೋಡಬಹುದು.

ಇನ್ನು ಪಾದರಕ್ಷೆಯ ವಿಷಯ. ಕುಷ್ಠರೋಗದಲ್ಲಿ ಬೆರಳುಗಳು ಕೊಳೆತು ಉದುರುತ್ತವೆ ಎಂದು ಜನ ನಂಬಿದ್ದಾರೆ. ಹಾಗಲ್ಲವೆಂದು ವೆಲ್ಲೂರಿನಲ್ಲಿ ಕೆಲಸ ಮಾಡಿದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ತೋರಿಸಿಕೊಟ್ಟರು. ನೋವು ತಿಳಿಯದ ಪಾದಕ್ಕೆ ಚುಚ್ಚಿದ ಕಲ್ಲೂ ತಿಳಿಯುವುದಿಲ್ಲ. ಗಾಯದ ಮೇಲೇ ನಡೆದು, ಅದು ಹುಣ್ಣಾಗಿ, ಸೋಂಕು ಮೂಳೆಗೆ ಇಳಿದು ಬೆರಳು ಮೊಟಕಾಗುತ್ತದೆ. ಒಳಗೆ ಮೆತ್ತನೆಯ ರಬ್ಬರ್, ಕೆಳಗೆ ಗಟ್ಟಿ ಅಟ್ಟೆ ಇರುವ, ಮೊಳೆ ಹೊಡೆಯದ ಪಾದರಕ್ಷೆ ಇದನ್ನು ತಡೆಯುತ್ತದೆ. ಅದನ್ನು ಸಮಾರಂಭದಲ್ಲಿ ಹಂಚುವ ದಾನದ ವಸ್ತುವಾಗಿ ನೋಡಬೇಡಿ. ಅದು ಔಷಧಿ. ಸವೆದಾಗಲೆಲ್ಲ ಹೊಸದು ಸಿಗಬೇಕು.

ಕೊನೆಯದಾಗಿ ಒಂದು ಬೇಡಿಕೆ. ಚಿಕಿತ್ಸೆ ಪೂರ್ಣಗೊಳಿಸಿದವರ ಸಂಖ್ಯೆಯನ್ನು ಪ್ರಕಟಿಸುವಾಗ, ಅವರಲ್ಲಿ ಎಷ್ಟು ಜನರ ಕಣ್ಣು, ಕೈ, ಕಾಲುಗಳ ಸ್ಥಿತಿ ಮೊದಲ ದಿನಕ್ಕಿಂತ ಹದಗೆಟ್ಟಿದೆ ಎಂಬುದನ್ನೂ ಅದರ ಪಕ್ಕದಲ್ಲೇ ಪ್ರಕಟಿಸಿ.

ಇತಿ,
ಒಬ್ಬ ಫಿಸಿಯೋಥೆರಪಿಸ್ಟ್