ಹೆಣಿಗೆಯ ಮಾದರಿ ಜೊತೆ ಅಳತೆಯೂ ಅಚ್ಚಾಗಲಿ

ಮಾನ್ಯ ಸಂಪಾದಕರೇ,

ಕಾರ್ತಿಕ ಕಳೆದು ಚಳಿ ಬೀಳುತ್ತಿದ್ದಂತೆ ಪತ್ರಿಕೆಗಳ ಪುರವಣಿಗಳಲ್ಲಿ ಸ್ವೆಟರ್, ಕುಲಾವಿ, ಶಾಲುಗಳ ಚಿತ್ರ ಕಾಣಿಸಿಕೊಳ್ಳುತ್ತವೆ. ಅವನ್ನು ಕತ್ತರಿಸಿ ಇಟ್ಟುಕೊಳ್ಳುವವರು ಈಗಲೂ ಬಹಳ ಮಂದಿ ಇದ್ದಾರೆ. ಆದರೆ ಉತ್ತರ ಕನ್ನಡದ ಮಟ್ಟಿಗೆ ಆ ಮಾದರಿಗಳು ಐದು ತಿಂಗಳು ತಡವಾಗಿ ಬರುತ್ತಿವೆ. ನಮ್ಮಲ್ಲಿ ಕೈಗೆ ಬಿಡುವು ಸಿಗುವುದು ಮಳೆಗಾಲದಲ್ಲಿ. ಹಂಚಿನ ಮೇಲೆ ಮಳೆ ಸುರಿಯುತ್ತಿರುವಾಗ ಉಲ್ಲನ್ ಉಂಡೆ ಮಡಿಲಲ್ಲಿಟ್ಟುಕೊಂಡು ಜಗಲಿಯಲ್ಲಿ ಕೂರುವ ಸುಖ ಬೇರೆಯೇ. ದಿನಕ್ಕೊಂದು ತಾಸು ಹೆಣೆದರೆ ದೊಡ್ಡವರ ಸ್ವೆಟರ್ ಮುಗಿಯಲು ಎರಡು ತಿಂಗಳಾದರೂ ಬೇಕು. ಆಷಾಢದಲ್ಲಿ ಶುರುಮಾಡಿದ್ದು ಮಾರ್ಗಶಿರದಲ್ಲಿ ಮೈಮೇಲೆ ಬರುತ್ತದೆ. ಮಾರ್ಗಶಿರದಲ್ಲಿ ಶುರುಮಾಡಿದ್ದು ಶಿವರಾತ್ರಿಗೆ.

ಆದ್ದರಿಂದ ಮಾದರಿಗಳು ಜೂನ್‌ನಲ್ಲೇ ಬರಲಿ ಎಂಬುದು ಒಂದು ಕೋರಿಕೆ. ಇನ್ನೊಂದು ಅದಕ್ಕಿಂತ ಮುಖ್ಯವಾದದ್ದು: ಕಡ್ಡಿಯ ದಪ್ಪ ಎಷ್ಟು ಮಿಲಿಮೀಟರ್, 10 ಸೆಂ.ಮೀ.ಗೆ ಎಷ್ಟು ಕುಣಿಕೆ, ಯಾವ ನೂಲು ಎಷ್ಟು ಗ್ರಾಂ, ಈ ಮೂರು ಅಂಕಿ ಇಲ್ಲದೆ ಯಾವ ಮಾದರಿಯನ್ನೂ ಅಚ್ಚು ಮಾಡಬೇಡಿ.

‘8ನೇ ನಂಬರ್ ಕಡ್ಡಿ’ ಎಂದಷ್ಟೇ ಬರೆದರೆ ಏನಾಗುತ್ತದೆ ನೋಡಿ. ನಮ್ಮ ಅಂಗಡಿಗಳ ಕಡ್ಡಿಯ ಮೇಲಿರುವುದು ಹಳೆಯ ಬ್ರಿಟಿಷ್ ಲೆಕ್ಕ. ಅದರಲ್ಲಿ ನಂಬರ್ ಏರಿದಷ್ಟೂ ಕಡ್ಡಿ ಸಪೂರ: 8 ಅಂದರೆ 4 ಮಿ.ಮೀ., 10 ಅಂದರೆ 3.25, 12 ಅಂದರೆ 2.75. ಅಮೆರಿಕದ ಲೆಕ್ಕ ಇದಕ್ಕೆ ತಿರುಗುಮುರುಗು. ಅಲ್ಲಿನ 8 ಅಂದರೆ 5 ಮಿ.ಮೀ. ಮೊಬೈಲ್‌ನಲ್ಲಿ ನೋಡಿದ ಅಮೆರಿಕದ ಮಾದರಿಯನ್ನು ನಮ್ಮ ಎಂಟರ ಕಡ್ಡಿಯಲ್ಲಿ ಹೆಣೆದವರಿಗೆ ಅಂಗಿ ಗಿಡ್ಡವೂ ಬಿಗಿಯೂ ಆಗಿ, ತಮ್ಮ ಕೈಯೇ ಸರಿಯಿಲ್ಲ ಅನ್ನಿಸಿಬಿಡುತ್ತದೆ. ಕೈಯ ತಪ್ಪಲ್ಲ, ಅಂಕಿಯ ತಪ್ಪು.

ಕುಣಿಕೆಯ ಲೆಕ್ಕ ಕರಾವಳಿಯವರಿಗೆ ಹೊಸದಾಗಬೇಕಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆ ನಿಂತಿರುವಾಗ ಬಲೆ ಸರಿಮಾಡುವವರು ಕಣ್ಣಿನ ಅಳತೆ ತಪ್ಪದಂತೆ ನೋಡಿಕೊಳ್ಳುತ್ತಾರೆ. ಕಣ್ಣು ದೊಡ್ಡದಾದರೆ ಮೀನು ನಿಲ್ಲುವುದಿಲ್ಲ. ಸ್ವೆಟರಿಗೂ ಅದೇ ನ್ಯಾಯ. ಸಾಮಾನ್ಯ ಮಧ್ಯಮ ದಪ್ಪದ ನೂಲಿಗೆ 4 ಮಿ.ಮೀ. ಕಡ್ಡಿಯಲ್ಲಿ 10 ಸೆಂ.ಮೀ. ಅಗಲಕ್ಕೆ 22 ಕುಣಿಕೆ ಬರಬೇಕು. ಆ ಲೆಕ್ಕದಲ್ಲಿ 90 ಸೆಂ.ಮೀ. ಸುತ್ತಳತೆಗೆ 198 ಕುಣಿಕೆ. ಸಡಿಲ ಕೈಯವರಿಗೆ 20 ಬಂತೆನ್ನಿ, ಅದೇ 198 ಕುಣಿಕೆ 99 ಸೆಂ.ಮೀ. ಆಗುತ್ತದೆ. ಎರಡೇ ಎರಡು ಕುಣಿಕೆಗೆ ಒಂಬತ್ತು ಸೆಂ.ಮೀ. ಜೋಲು!

ತಪ್ಪಿಸುವ ದಾರಿ ಸುಲಭ. 30 ಕುಣಿಕೆ ಎತ್ತಿ 12 ಸೆಂ.ಮೀ. ಉದ್ದದ ತುಂಡು ಹೆಣೆದು, ತೊಳೆದು, ಚಪ್ಪಟೆಯಾಗಿ ಒಣಗಿಸಿ, ನಡುವಿನ 10 ಸೆಂ.ಮೀ.ಯಲ್ಲಿ ಎಣಿಸಬೇಕು. ಅಂಚಿನ ಕುಣಿಕೆಗಳು ಎಳೆದುಕೊಂಡಿರುವುದರಿಂದ ಅವನ್ನು ಲೆಕ್ಕಕ್ಕೆ ಹಿಡಿಯಬಾರದು. ಕುಣಿಕೆ ಹೆಚ್ಚು ಬಂದರೆ ದಪ್ಪ ಕಡ್ಡಿ, ಕಮ್ಮಿ ಬಂದರೆ ಸಪೂರ ಕಡ್ಡಿ. ಬೇಕೆಂದೇ ಬಿಗಿಯಾಗಿಯೋ ಸಡಿಲವಾಗಿಯೋ ಹೆಣೆಯಲು ಹೋಗಬೇಡಿ, ನಾಲ್ಕು ಸಾಲಿಗೆ ಕೈ ತನ್ನ ಅಭ್ಯಾಸಕ್ಕೇ ಮರಳುತ್ತದೆ.

ಅಂಕಿ ಸಮೇತ ಮಾದರಿ ಹೇಗಿರಬೇಕೆಂದು ತೋರಿಸಲು, ಹಸುಗೂಸಿನ ಟೊಪ್ಪಿ ಇಲ್ಲಿದೆ. 4 ಮಿ.ಮೀ. ಕಡ್ಡಿ, 10 ಸೆಂ.ಮೀ.ಗೆ 22 ಕುಣಿಕೆ, 30 ಗ್ರಾಂ ನೂಲು. 74 ಕುಣಿಕೆ ಎತ್ತಿ, ಎರಡು ಸೀದಾ (ನೂಲು ಹಿಂದಿಟ್ಟು ಹೆಣೆಯುವುದು) ಎರಡು ಉಲ್ಟಾದ (ನೂಲು ಮುಂದಿಟ್ಟು ಹೆಣೆಯುವುದು) ಬಾರ್ಡರ್ 8 ಸಾಲು. ಆಮೇಲೆ ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ, ಬುಡದಿಂದ ಒಟ್ಟು 10 ಸೆಂ.ಮೀ. ಆಗುವವರೆಗೆ. ನೆತ್ತಿಗೆ ಬಂದಾಗ ಎರಡೂ ತುದಿಯ ಒಂದೊಂದು ಕುಣಿಕೆ ಹೊಲಿಗೆಗೆ ಬಿಟ್ಟು, ನಡುವೆ 7 ಸೀದಾ, 2 ಕೂಡಿಸಿ ಒಂದು, ಹೀಗೆ ಎಂಟು ಸಲ. ಮುಂದಿನ ಸಾಲು ಪೂರ್ತಿ ಉಲ್ಟಾ. ಬಳಿಕ 6 ಸೀದಾ, 2 ಕೂಡಿಸಿ. ಮತ್ತೆ 5, 4, ಹೀಗೆ ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ ಇಳಿಸುತ್ತ ಹೋದರೆ ಕೊನೆಗೆ 10 ಕುಣಿಕೆ ಉಳಿಯುತ್ತವೆ. ನೂಲನ್ನು ಅವುಗಳೊಳಗೆ ಪೋಣಿಸಿ ಬಿಗಿದು ಹಿಂಬದಿ ಹೊಲಿದರಾಯಿತು. ಬುಡ ಬಿಗಿಯಾಗಿ ಹಣೆಯಲ್ಲಿ ಗೀರು ಮೂಡಿದರೆ ಕುಣಿಕೆ ಎತ್ತುವಾಗಲೇ ಎಳೆದದ್ದು ಕಾರಣ. ಎತ್ತುವುದಕ್ಕೆ ಮಾತ್ರ 5 ಮಿ.ಮೀ. ಕಡ್ಡಿ ಬಳಸಿ. ಗಲ್ಲಕ್ಕೆ ಕಟ್ಟುವ ಉದ್ದ ದಾರ, ಕಿತ್ತು ಬರುವ ಗೊಂಡೆ ಬೇಡ.

ನೂಲಿನ ವಿಷಯದಲ್ಲಿ ಘಟ್ಟದ ಮೇಲೆ, ಕೆಳಗೆ ಒಂದೇ ಮಾತು ನಡೆಯುವುದಿಲ್ಲ. ಕಾರವಾರ, ಅಂಕೋಲಾ, ಕುಮಟಾಗಳಿಗೆ ಹತ್ತಿ ನೂಲೇ ಸರಿ. ಹತ್ತಿಗೆ ಹಿಗ್ಗಿ ಮರಳುವ ಗುಣ ಕಮ್ಮಿ, ತೂಕ ಜಾಸ್ತಿ. ಬಾರ್ಡರ್ ಎರಡು ನಂಬರ್ ಸಪೂರ ಕಡ್ಡಿಯಲ್ಲಿರಲಿ, ಉದ್ದ ಎರಡು ಸೆಂ.ಮೀ. ಕಮ್ಮಿ ಇರಲಿ, ತನ್ನ ಭಾರಕ್ಕೆ ಅದು ಇಳಿಯುತ್ತದೆ. ದೇವಿಮನೆ ಘಟ್ಟ ಹತ್ತಿ ಶಿರಸಿ, ಸಿದ್ದಾಪುರದ ಕಡೆ ಬಂದರೆ ಉಣ್ಣೆಗೆ ಸಮನಾದದ್ದಿಲ್ಲ. ತನ್ನ ತೂಕದ ಮೂರನೇ ಒಂದರಷ್ಟು ತೇವವನ್ನು ಹೀರಿಯೂ ಉಣ್ಣೆ ಹಸಿ ಅನ್ನಿಸುವುದಿಲ್ಲ. ಗದ್ದೆ ನಾಟಿಯಲ್ಲಿ ಕಂಬಳಿಕೊಪ್ಪೆ ಬೆಚ್ಚಗಿಟ್ಟದ್ದೂ ಇದೇ ಗುಣದಿಂದ.

ಅಂಗಡಿಯಲ್ಲಿ ‘ಉಲ್ಲನ್’ ಎಂದು ಕೊಡುವುದು ಮಾತ್ರ ಹೆಚ್ಚಾಗಿ ಅಕ್ರಿಲಿಕ್ ಎಂಬ ಕೃತಕ ನೂಲು. ಒಂದೆಳೆ ಸುಟ್ಟು ನೋಡಿ: ಉಣ್ಣೆ ಕೂದಲು ಸುಟ್ಟ ವಾಸನೆ ಕೊಟ್ಟು ಪುಡಿಯಾಗುತ್ತದೆ, ಹತ್ತಿ ಕಾಗದದ ವಾಸನೆ, ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ಅಕ್ರಿಲಿಕ್ ಅಗ್ಗ, ತೊಳೆಯಲು ಸುಲಭ, ನುಸಿ ಹಿಡಿಯುವುದಿಲ್ಲ. ಆದರೆ ಮಳೆಗಾಲದಲ್ಲಿ ಬಟ್ಟೆಯನ್ನು ಬಚ್ಚಲ ಒಲೆಯ ಮೇಲೆ ಒಣಹಾಕುವ ಮನೆಗಳಲ್ಲಿ ಅದು ಅಪಾಯ. ಬೆಂಕಿ ತಗುಲಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಬಿಸಿ ಇಸ್ತ್ರಿ ತಾಗಿದರೂ ಅದರ ಎಳೆತ ಮರಳಿ ಬರುವುದಿಲ್ಲ.

ನೂಲು ಕೊಳ್ಳುವಾಗ ಎಲ್ಲ ಉಂಡೆಗಳ ಡೈ ಲಾಟ್ ಸಂಖ್ಯೆ, ಅಂದರೆ ಒಟ್ಟಿಗೆ ಬಣ್ಣ ಹಾಕಿದ ನೂಲಿನ ಗುರುತು, ಒಂದೇ ಇರಲಿ. ದೊಡ್ಡವರ ಸ್ವೆಟರಿಗೆ 400ರಿಂದ 500 ಗ್ರಾಂ ಬೇಕು, ಒಂದೇ ಸಲ ತನ್ನಿ. ಸಾಲದೆ ಬೇರೆ ಲಾಟ್ ತರಲೇಬೇಕಾದರೆ ಎರಡೆರಡು ಸಾಲು ಹಳೆಯದು, ಹೊಸದು ಹೆಣೆಯುತ್ತ ಹೋದರೆ ಬಣ್ಣದ ಗೆರೆ ಕಣ್ಣಿಗೆ ಹೊಡೆಯದು.

ಥಂಡಿ ಹವೆಯಲ್ಲಿ ಉಕ್ಕಿನ ಕಡ್ಡಿ ತುಕ್ಕು ಹಿಡಿದು ತಿಳಿಬಣ್ಣದ ನೂಲಿಗೆ ಕಲೆ ಕೂರಿಸುತ್ತದೆ, ಬಿದಿರಿನದು ಉಬ್ಬಿ ಜಾರದಂತಾಗುತ್ತದೆ. ಇಲ್ಲಿಗೆ ಅಲ್ಯೂಮಿನಿಯಂ ಕಡ್ಡಿಯೇ ಲೇಸು. ತೊಳೆದದ್ದನ್ನು ಹಿಂಡಬಾರದು, ಟವೆಲ್‌ನಲ್ಲಿ ಸುತ್ತಿ ಒತ್ತಿ, ಚಾಪೆಯ ಮೇಲೆ ಹರವಬೇಕು. ಬಿಸಿನೀರಲ್ಲಿ ತಿಕ್ಕಿದರೆ ಉಣ್ಣೆ ಗಂಟುಗಟ್ಟಿ ಕುಗ್ಗುತ್ತದೆ, ಮತ್ತೆ ಹಿಗ್ಗಿಸಲಾಗದು. ಕರೆಂಟು ಹೋದ ಸಂಜೆಗಳಿಗೆಂದು ಎರಡೂ ಬದಿ ಸೀದಾ ಹೆಣೆಯುವ ಮಫ್ಲರ್ ಒಂದನ್ನು ಪ್ರತ್ಯೇಕ ಇಟ್ಟುಕೊಳ್ಳಿ. ಕತ್ತಲಲ್ಲೂ ಬೆರಳೇ ದಾರಿ ಹಿಡಿಯುತ್ತದೆ. ಜಡೆ ಹೆಣಿಗೆಯನ್ನು ಹಗಲಿಗೆ ಬಿಡಿ.

ಮಗುವಿನ ಬಟ್ಟೆಯ ಮಾದರಿ ಹಾಕಿದಾಗಲೆಲ್ಲ ಒಂದು ಎಚ್ಚರಿಕೆಯನ್ನು ದಪ್ಪಕ್ಷರದಲ್ಲಿ ಹಾಕಬೇಕೆಂದು ವಿನಂತಿ. ಹಸುಗೂಸಿನ ಉಣ್ಣೆ ಬಟ್ಟೆಯ ಜೊತೆ ನುಸಿಗುಳಿಗೆ ಇಡಬಾರದು. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಕ್ಕಳಲ್ಲಿ ಅದರೊಳಗಿನ ನ್ಯಾಫ್ತಲೀನ್ ರಕ್ತಕಣಗಳನ್ನು ಒಡೆದು ತೀವ್ರ ಕಾಮಾಲೆ ತರಬಲ್ಲದು, ಮತ್ತು ಆ ಕೊರತೆ ಹೊರನೋಟಕ್ಕೆ ತಿಳಿಯುವುದಿಲ್ಲ. ತೊಳೆದು ಪೂರ್ತಿ ಒಣಗಿಸಿ ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟರೆ ಸಾಕು. ನುಸಿಗೆ ರುಚಿ ಬೆವರು, ಹಾಲಿನ ಕಲೆಯ ಬಟ್ಟೆ.

ಬರುವ ವರ್ಷ ಮೃಗಶಿರ ಮಳೆಯ ಹೊತ್ತಿಗೆ ಬೆನ್ನಿನ ಭಾಗ, ಆರಿದ್ರಾಕ್ಕೆ ಎದೆಯ ಭಾಗ ಎಂದು ಕಂತಿನಲ್ಲಿ ಒಂದು ಸ್ವೆಟರ್ ಮಾದರಿ ಪ್ರಕಟಿಸಿ ನೋಡಿ. ಹಸ್ತ ಮಳೆಗೆ ತೋಳು ಜೋಡಿಸಿಕೊಂಡು ಕೂರುತ್ತೇವೆ.

– ಹೆಣಿಗೆಯ ಗೆಳತಿಯರು, ಶಿರಸಿ