ಒಂಟಿಯಾಗಿ ಇರಬೇಕು ಎನ್ನುವ ನಿನಗೆ

ಪ್ರೀತಿಯ ಮಗಾ,

ಕೆಲಸ ಬಿಟ್ಟು, ಯಾರ ಗೊಡವೆಯೂ ಇಲ್ಲದೆ ಪ್ರಾರ್ಥನೆಯಲ್ಲೇ ಇದ್ದುಬಿಡುತ್ತೇನೆ ಎಂದು ಬರೆದಿದ್ದೀಯ. ಮರುಭೂಮಿಯ ಸಂತ ಅಂತೋಣಿಯವರ ಹೆಸರನ್ನೂ ಎತ್ತಿದ್ದೀಯ. ಬೇಡ ಅನ್ನುವುದಿಲ್ಲ. ಆದರೆ ಅವರ ಬದುಕನ್ನು ಪೂರ್ತಿ ನೋಡು. (ನಿನ್ನ ಅಮ್ಮ ಹರಕೆ ಹೊತ್ತಿರುವುದು ಡೋರ್ನಹಳ್ಳಿಯ ಪದುವಾ ಅಂತೋಣಿಯವರಿಗೆ. ಈ ಈಜಿಪ್ಟಿನವರು ಅವರಿಗಿಂತ ಒಂಬೈನೂರು ವರ್ಷ ಹಿಂದಿನವರು.)

ಹುಟ್ಟಿದ್ದು ಸುಮಾರು 251ರಲ್ಲಿ, ಉಳ್ಳವರ ಮನೆಯಲ್ಲಿ. ಇಪ್ಪತ್ತರ ಆಸುಪಾಸಿನಲ್ಲಿ ಅಪ್ಪ ಅಮ್ಮ ಇಬ್ಬರೂ ತೀರಿಹೋದರು. ಉಳಿದದ್ದು ಒಳ್ಳೆಯ ಜಮೀನು, ಒಬ್ಬಳು ಪುಟ್ಟ ತಂಗಿ. ಇರುವುದನ್ನೆಲ್ಲ ಮಾರಿ ಬಡವರಿಗೆ ಕೊಡು ಎಂಬ ಯೇಸುವಿನ ಮಾತು ಚರ್ಚಿನಲ್ಲಿ ಕಿವಿಗೆ ಬಿದ್ದದ್ದೇ ತಡ, ಹೊಲವನ್ನು ಊರವರಿಗೆ ಬಿಟ್ಟುಕೊಟ್ಟರು. ಮಿಕ್ಕದ್ದನ್ನು ಮಾರಿ ಹಂಚಿದರು. ತಂಗಿಯನ್ನು ಮಾತ್ರ ಸುಮ್ನೆ ಬಿಟ್ಟು ಹೋಗಲಿಲ್ಲ. ದೇವರಿಗಾಗಿ ಮದುವೆಯಾಗದೆ ಉಳಿದ, ನಂಬಿಕೆಯ ಕನ್ಯೆಯರ ಆಸರೆಯಲ್ಲಿ ಇಟ್ಟರು. ಎಷ್ಟೋ ವರ್ಷದ ನಂತರ, ವಯಸ್ಸಾದ ಅದೇ ತಂಗಿ ಇತರ ಕನ್ಯೆಯರಿಗೆ ಹಿರಿಯಳಾಗಿದ್ದುದನ್ನು ಕಂಡು ಹಿಗ್ಗಿದರು ಎಂದು ಅವರ ಚರಿತ್ರೆ ಬರೆದ ಬಿಷಪ್ ಅಥನಾಸಿಯುಸ್ ಹೇಳುತ್ತಾರೆ. ನನಗೆ ಇಡೀ ಚರಿತ್ರೆಯಲ್ಲಿ ಜಾಸ್ತಿ ಹಿಡಿಸಿದ್ದು ಈ ಮಾತೇ.

ನೇರ ಮರುಭೂಮಿಗೂ ಓಡಲಿಲ್ಲ. ಮೊದಲು ಊರ ಪಕ್ಕದಲ್ಲೇ ಇದ್ದು, ದುಡಿದು ತಿಂದು, ಹಿರಿಯರೊಬ್ಬರನ್ನು ನೋಡಿ ಕಲಿತರು. ಪಾಳು ಕೋಟೆಯಲ್ಲಿ ಇಪ್ಪತ್ತು ವರ್ಷ ಬಾಗಿಲು ಹಾಕಿಕೊಂಡದ್ದು ಆಮೇಲೆ. ಅಷ್ಟು ಒಂಟಿತನ ಪ್ರೀತಿಸಿದವರು 311ರಲ್ಲಿ ಕ್ರೈಸ್ತರಿಗೆ ಹಿಂಸೆ ಮತ್ತೆ ಶುರುವಾದಾಗ ಅಲೆಕ್ಸಾಂಡ್ರಿಯಾ ಪಟ್ಟಣಕ್ಕೆ ಬಂದರು. ಸೆರೆಮನೆಯಲ್ಲಿ, ಗಣಿಗಳಲ್ಲಿ ಇದ್ದವರ ಸೇವೆಗೆ ನಿಂತರು.

ಕೊನೆಗೆ ಕೆಂಪು ಸಮುದ್ರದ ಕಡೆಯ ಬೆಟ್ಟದಲ್ಲಿ ನೆಲೆಸಿದರು. ತನಗೆ ರೊಟ್ಟಿ ತರಲು ಜನ ಕಷ್ಟಪಡುವುದು ನೋಡಿ, ಸಲಿಕೆ, ಕೊಡಲಿ, ಒಂದಿಷ್ಟು ಕಾಳು ತರಿಸಿಕೊಂಡು ತಾವೇ ಬೆಳೆದರು. ದಾರಿ ನಡೆದು ಸೋತು ಬರುವವರಿಗೆಂದು ಸೊಪ್ಪನ್ನೂ ಹಾಕಿದರು. ನೀರಿಗೆ ಬಂದ ಕಾಡುಪ್ರಾಣಿಗಳು ಬೆಳೆ ತುಳಿದಾಗ, ಒಂದನ್ನು ಮೆಲ್ಲಗೆ ಹಿಡಿದು, ನಾನು ನಿಮಗೇನೂ ಕೆಡುಕು ಮಾಡಿಲ್ಲ, ನನಗ್ಯಾಕೆ ಮಾಡುತ್ತೀರಿ ಎಂದು ಕೇಳಿದರಂತೆ. 356ರಲ್ಲಿ ತೀರಿಕೊಂಡಾಗ ವಯಸ್ಸು 105. ಆ ಬೆಟ್ಟದ ಬುಡದಲ್ಲಿ ಅವರ ಹೆಸರಿನ ಮಠ ಇವತ್ತಿಗೂ ಇದೆ.

ನಿನಗೂ ತಂಗಿ ಇದ್ದಾಳೆ ಅಲ್ವಾ? ಅವಳ ಓದು ಮುಗಿಯುವವರೆಗೆ ಫೀಸು ಯಾರು ಕಟ್ಟುತ್ತಾರೆ, ನಿನ್ನ ಊಟಕ್ಕೆ ನೀನೇನು ದುಡಿಯುತ್ತೀ, ಇವೆರಡನ್ನು ಬರೆದು ಕಳಿಸು. ರಾಜೀನಾಮೆ ಕೊಡುವ ಮೊದಲು ಒಮ್ಮೆ ಬಂದು ಹೋಗು.

ನಿನ್ನ ದೊಡ್ಡಪ್ಪ