ಅಜ್ಜಿಯ ಗಾದೆಗೆ ಹನ್ನೆರಡು ಮಾತ್ರೆ

ಪ್ರಿಯ ಪೋಷಕರೆ,

ನಮಸ್ಕಾರ. ಒಂಬತ್ತನೇ ತರಗತಿಯಲ್ಲಿ ಈ ತಿಂಗಳು ಅಲಂಕಾರ, ಛಂದಸ್ಸಿನ ಪಾಠ, ಅಂದರೆ ಮಾತಿನ ಚಂದದ, ಪದ್ಯದ ಲಯದ ಪಾಠ ನಡೆಯುತ್ತಿದೆ. ಉಪಮೆ, ರೂಪಕ, ಪ್ರಾಸ, ಲಘು, ಗುರು ಅಂತ ಮಕ್ಕಳು ಬಾಯಿಪಾಠ ಮಾಡುವುದನ್ನು ನೀವೂ ಕೇಳಿಸಿಕೊಂಡಿರಬಹುದು. ಕಳೆದ ಸಭೆಯಲ್ಲಿ ಒಬ್ಬ ತಾಯಿ, "ಇದನ್ನೆಲ್ಲ ಹೇಳಿಕೊಡೋಕೆ ನಮಗೆ ಓದು ಬರಲ್ಲ ಮೇಡಂ" ಅಂದರು. ಆ ಮಾತು ಇನ್ನೂ ನನ್ನ ಮನಸ್ಸಿನಲ್ಲೇ ಇದೆ. ಅದಕ್ಕೇ ಈ ಪತ್ರ.

ಮೊನ್ನೆ ತರಗತಿಯಲ್ಲಿ ಒಬ್ಬ ಹುಡುಗಿಗೆ, ನಿಮ್ಮಜ್ಜಿ ಆಗಾಗ ಆಡುವ ಒಂದು ಗಾದೆ ಹೇಳಮ್ಮ ಅಂದೆ. "ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು" ಅಂದಳು. ಎರಡು ಸಾಲು ಮಾಡಿ ಹಲಗೆ ಮೇಲೆ ಬರೆದೆ. ಎಲ್ಲರೂ ಸೇರಿ ಮಾತ್ರೆ ಎಣಿಸಿದೆವು. ಮಾತ್ರೆ ಅಂದರೆ ಅಕ್ಷರ ಉಚ್ಚರಿಸಲು ಹಿಡಿಯುವ ಹೊತ್ತಿನ ಅಳತೆ. ಗಿಡ್ಡ ಉಚ್ಚಾರದ ಅಕ್ಷರ ಲಘು, ಅದಕ್ಕೆ ಒಂದು. ಉದ್ದ ಉಚ್ಚಾರದ್ದು, ಸೊನ್ನೆ ಇರುವುದು, ಒತ್ತಕ್ಷರದ ಹಿಂದಿನದು ಗುರು, ಅದಕ್ಕೆ ಎರಡು. ಮೊದಲ ಸಾಲಿಗೆ 12 ಬಂತು. ಎರಡನೆಯದಕ್ಕೂ 12! ಮೂರು ಮೂರು ಮಾತ್ರೆಗೆ ಒಡೆದರೆ ಒಂದೊಂದು ಸಾಲಿಗೂ ಸರಿಯಾಗಿ ನಾಲ್ಕು ಗಣ, ಅಂದರೆ ನಾಲ್ಕು ಗುಂಪು: ಕೆಟ್ಟ, ಮೇಲೆ, ಬುದ್ಧಿ, ಬಂತು. ಆಮೇಲೆ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಕೂಗಿದ: "ಅಟ್ಟ, ಕೆಟ್ಟ, ಎರಡರಲ್ಲೂ ಎರಡನೇ ಅಕ್ಷರ ಟ್ಟ ಟೀಚರ್!" ಹಳಗನ್ನಡ ಕವಿಗಳು ಬಿಡದೆ ಪಾಲಿಸುತ್ತಿದ್ದ ಆದಿಪ್ರಾಸ ಅದೇ. ಒಂದು ಮಾತು ಇನ್ನೊಂದಕ್ಕೆ ಕನ್ನಡಿ ಹಿಡಿದ ಹಾಗೆ ನಿಂತಿದೆ, ಹಾಗಾಗಿ ದೃಷ್ಟಾಂತ ಅಲಂಕಾರವೂ ಹೌದು. ಅಜ್ಜಿಗೆ ಈ ಹೆಸರುಗಳು ಗೊತ್ತಿಲ್ಲ, ಅಷ್ಟೇ. ಲೆಕ್ಕ ಒಂದು ಮಾತ್ರೆಯೂ ತಪ್ಪಿಲ್ಲ.

ನಮಗೆ ಸಿಕ್ಕಿರುವ ಕನ್ನಡದ ಮೊದಲ ಗ್ರಂಥ 'ಕವಿರಾಜಮಾರ್ಗ'. ಸುಮಾರು 850ರ ಹೊತ್ತಿನದು. ಕಾವ್ಯ ಹೇಗೆ ಕಟ್ಟಬೇಕು, ಅಲಂಕಾರ ಎಂದರೇನು ಅಂತ ಹೇಳುವ ಪುಸ್ತಕವೇ ಅದು. ಅದರಲ್ಲಿ ಕನ್ನಡ ನಾಡಿನ ಜನರನ್ನು 'ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್' ಅಂದಿದ್ದಾರೆ. ಕೂತು ಓದದೆಯೂ ಕಾವ್ಯ ಬಲ್ಲವರು ಅಂತ. ಆ ತಾಯಿಗೆ ಅವತ್ತೇ ಈ ಸಾಲು ಹೇಳಬೇಕಿತ್ತು, ನನಗೆ ಹೊಳೆಯಲಿಲ್ಲ.

ತ್ರಿಪದಿಯನ್ನೇ ನೋಡಿ. ಬಾದಾಮಿಯಲ್ಲಿ ಕಪ್ಪೆ ಅರಭಟ್ಟನ ಶಾಸನ ಇದೆ. ಸುಮಾರು 700ರ ಕಾಲದ್ದು. ಅಲ್ಲಿ ಬಂಡೆಯ ಮೇಲೆ ಕೆತ್ತಿರುವ ಮೂರು ಸಾಲಿನ ಪದ್ಯಗಳೂ, ಹೆಣ್ಣುಮಕ್ಕಳು ಬೀಸುವಾಗ ಹಾಡುತ್ತಿದ್ದ ಪದಗಳೂ ಒಂದೇ ಜಾತಿಯವು. ಕಲ್ಲಿನಲ್ಲಿ ಉಳಿದದ್ದಕ್ಕಿಂತ ಜಾಸ್ತಿ ಬಾಯಲ್ಲೇ ಉಳಿದಿದೆ. ಒಗಟೂ ಹಾಗೇ. ಹಲ್ಲು ಅನ್ನುವ ಬದಲು 'ಗವಿಯೊಳಗಿನ ಬಿಳಿ ಕಾವಲುಗಾರರು' ಅಂದರೆ ಉಪಮೇಯವನ್ನು, ಅಂದರೆ ಹೋಲಿಸುತ್ತಿರುವ ವಸ್ತುವನ್ನೇ, ಬಚ್ಚಿಟ್ಟ ರೂಪಕ ಅದು. ಉತ್ತರ ಹೇಳುವ ಮಗು ಆ ಉಪಮೇಯವನ್ನು ಹುಡುಕಿ ತರುತ್ತದೆ.

2005ರಲ್ಲಿ ಅಮೆರಿಕದ ವಿದ್ವಾಂಸೆ ಟಾರಾ ಯೊಸ್ಸೊ ಒಂದು ಲೇಖನ ಬರೆದರು. ಬಡವರ, ಅಂಚಿನವರ ಮಕ್ಕಳು ಬರಿಗೈಲಿ ಶಾಲೆಗೆ ಬರುತ್ತಾರೆ ಅನ್ನುವುದು ತಪ್ಪು ಎಂದು ವಾದಿಸಿದರು. ಆರು ಬಗೆಯ ಸಾಂಸ್ಕೃತಿಕ ಸಂಪತ್ತನ್ನು ಅವರು ಹೆಸರಿಸಿದ್ದಾರೆ: ಕನಸು ಬಿಡದ ಛಲ, ಭಾಷೆ, ಕುಟುಂಬ, ಬಳಗ, ಕಷ್ಟದ ಜಾಗದಲ್ಲೂ ದಾರಿ ಕಂಡುಕೊಳ್ಳುವ ಜಾಣ್ಮೆ, ಅನ್ಯಾಯಕ್ಕೆ ಎದುರು ನಿಲ್ಲುವ ಶಕ್ತಿ. ಗಾದೆ, ಕತೆ, ಎರಡು ಮೂರು ಭಾಷೆ ಆಡುವುದು ಎಲ್ಲವೂ ಭಾಷೆಯ ಸಂಪತ್ತಿಗೆ ಸೇರುತ್ತವೆ. ಮನೆಯಲ್ಲಿ ತುಳುವೋ ಉರ್ದುವೋ ತೆಲುಗೋ ಲಂಬಾಣಿಯೋ ಆಡುವ ಮಕ್ಕಳು ನಮ್ಮ ತರಗತಿಯಲ್ಲಿದ್ದಾರೆ. ಅವರನ್ನು 'ಕನ್ನಡದಲ್ಲಿ ಹಿಂದೆ' ಅಂತ ನಾವು ಶಿಕ್ಷಕರೇ ಸುಲಭವಾಗಿ ಅಂದುಬಿಡುತ್ತೇವೆ. ಅದು ನಿಲ್ಲಬೇಕು. ಎರಡು ಭಾಷೆಯ ಗಾದೆ ಬಲ್ಲ ಮಗುವಿನ ಹತ್ತಿರ ಹೋಲಿಕೆಗಳು ಜಾಸ್ತಿ ಇರುತ್ತವೆ, ಅಲ್ವಾ?

ಈಗ ನನ್ನ ಕೋರಿಕೆ. ದಿನಕ್ಕೆ ಹತ್ತು ನಿಮಿಷ ಮಗುವಿನ ಜೊತೆ ಕೂತು ಒಂದು ಗಾದೆಯನ್ನೋ ಒಗಟನ್ನೋ ಜೋಗುಳವನ್ನೋ ಹೇಳಿ. ಯಾವ ಭಾಷೆಯಾದರೂ ಸರಿ. ನೀವು ಆಡಿದ ಹಾಗೆಯೇ ಮಗು ಬರೆದುಕೊಳ್ಳಲಿ, ದಯವಿಟ್ಟು ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ತಿದ್ದಿದರೆ ಮಾತ್ರೆಯೂ ಕೆಡುತ್ತದೆ, ಪ್ರಾಸವೂ ಹೋಗುತ್ತದೆ. ಗೈಡ್ ಕೊಳ್ಳುವುದೇನೂ ಬೇಡ.

ತಿಂಗಳ ಕೊನೆಯ ಶನಿವಾರ ಬೆಳಗ್ಗೆ ಹತ್ತಕ್ಕೆ ಮಕ್ಕಳು ಈ ಸಾಲುಗಳಿಗೆ ಪ್ರಸ್ತಾರ ಹಾಕುತ್ತಾರೆ, ಅಂದರೆ ಹಲಗೆ ಮೇಲೆ ಲಘು, ಗುರು ಗುರುತು ಮಾಡಿ ತೋರಿಸುತ್ತಾರೆ. ಅಜ್ಜ ಅಜ್ಜಿಯರನ್ನೂ ಕರೆದುಕೊಂಡು ಬನ್ನಿ. ಹಾಡುವವರು ಇದ್ದರೆ ಮೊದಲೇ ತಿಳಿಸಿ, ಹಲಗೆಯ ಪಕ್ಕದಲ್ಲೇ ಕುರ್ಚಿ ಹಾಕಿಸುತ್ತೇನೆ.

ಇತಿ,
ಮುಖ್ಯ ಶಿಕ್ಷಕಿ